ಚಳಿಗಾಲದ ಜಿಗಿಮಣೆ

ನಮ್ಮ ನೀಲಕ್ಕನ ಹತ್ತಿರ ಒಂದು ‘ಆಗಲಿ’ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಡಿಗ್ರಿ ಇತ್ತು, ಬಿ.ಎಡ್ ಇತ್ತು, ಹನ್ನೊಂದು ವರ್ಷ ಪಾಠ ಮಾಡಿದ ಗಂಟಲಿತ್ತು. ಪ್ರೌಢಶಾಲೆಯಲ್ಲಿ ಅವಳದು ವಿಜ್ಞಾನ. ಡ್ರಿಲ್ ಮೇಷ್ಟ್ರು ತೀರಿಕೊಂಡ ಮೇಲೆ ಸೀಟಿಯನ್ನೂ ಅವಳ ಕೊರಳಿಗೇ ಕಟ್ಟಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳ ಹೆಸರು ಹನ್ನೊಂದು ವರ್ಷದಿಂದ ಪೆನ್ಸಿಲ್ಲಿನಲ್ಲಿತ್ತು. ಕಾಯಂ ಆದವರ ಹೆಸರು ಇಂಕಿನಲ್ಲಿ, ತಾತ್ಕಾಲಿಕದವರದ್ದು ಪೆನ್ಸಿಲ್ಲಿನಲ್ಲಿ. ಪ್ರತಿ ಜೂನಿನಲ್ಲಿ ಹೆಡ್‌ಮಾಸ್ತರರು ರಬ್ಬರು ತೆಗೆದು ಅವಳನ್ನು ಉಜ್ಜಿ, ಪುಡಿ ಊದಿ, ಅದೇ ಜಾಗದಲ್ಲಿ ಮತ್ತೆ ಬರೆಯುತ್ತಿದ್ದರು. ಹಾಳೆ ಆ ಜಾಗದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು.

ಅವಳು ಇಂಕಿಗೆ ಬರಬೇಕಾದರೆ ಊರಿನ ಮುಖಂಡರೂ ಶಾಲಾ ಮಂಡಳಿಯ ಅಧ್ಯಕ್ಷರೂ ಆದ ಮುರಿಗೆಪ್ಪನವರು ಒಂದು ಮಾತು ಹೇಳಬೇಕಿತ್ತು. ಅವರು ಹೇಳಿರಲಿಲ್ಲ ಎಂದಲ್ಲ. ಜಗಲಿಯ ಮೇಲೆ ನಿಂತು ಹೇಳಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿದ್ದರು, ನಮ್ಮಪ್ಪನ ಹೆಣದ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಾ ಹೇಳಿದ್ದರು. ಎಲ್ಲ ಸಲವೂ ನಿಂತೇ ಹೇಳಿದ್ದರು. ನಮ್ಮೂರಿನಲ್ಲಿ ನೆಲದ ಮೇಲೆ ನಿಂತು ಆಡಿದ ಮಾತು ಮಾತಲ್ಲ. ಎರಡೂ ಪಾದ ಆಧಾರ ಬಿಟ್ಟು ಗಾಳಿಯಲ್ಲಿದ್ದಾಗ ಆಡಿದ್ದು ಮಾತ್ರ ಮಾತು. ಆಡಿದವರೇ ಮತ್ತೆ ಜಿಗಿದು ಹಿಂತೆಗೆದುಕೊಳ್ಳುವವರೆಗೆ ಅದನ್ನು ಯಾರೂ ಅಲುಗಿಸಲಾರರು. ಅದಕ್ಕೇ ನಮ್ಮಲ್ಲಿ ಬೈಯುವವರು ಕಾಲು ಗಟ್ಟಿಯಾಗಿ ಊರಿ ಬೈಯುತ್ತಾರೆ. ಬೇಸಗೆಯಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಜಗಳವಾಡುವಷ್ಟು ಧೈರ್ಯ ಯಾರಿಗೂ ಇಲ್ಲ.

ಬರಿ ನೆಲದ ಮೇಲೆ ಕುಪ್ಪಳಿಸಿದರೆ ‘ಹೂಂ’ ಅನ್ನುವಷ್ಟರಲ್ಲಿ ಕಾಲು ಊರಿರುತ್ತದೆ. ಕಾನೂನಿಗೆ ಹೂಂ ಸಾಲದು. ಯಾರಿಗೆ, ಏನು ಎಂಬುದೆಲ್ಲ ಸೇರಿದ ಪೂರ್ತಿ ವಾಕ್ಯ ಬೇಕು. ಹಾಗಾಗಿ ಮನೆಮನೆಯ ಹಿತ್ತಲಲ್ಲೂ ಜಿಗಿಮಣೆ. ಕಬ್ಬಿಣದ ದುಂಡು ಚೌಕಟ್ಟು, ನಡುವೆ ಬಿಗಿದ ಕಪ್ಪು ಬಟ್ಟೆ, ಸುತ್ತ ಎಪ್ಪತ್ತೆರಡು ಸ್ಪ್ರಿಂಗು. ಮಾರುವವನು ಅದನ್ನು ಟ್ರ್ಯಾಂಪೊಲಿನ್ ಎನ್ನುತ್ತಾನೆ, ನಾವು ಜಿಗಿಮಣೆ ಎನ್ನುತ್ತೇವೆ. ಅದಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ. ಕೊಡುತ್ತೇನೆಂದು ಹೇಳಲು ಬೀಗರು ಎಲ್ಲಿ ಹತ್ತಬೇಕು?

ಆಗ ನಾನು ಪುರಸಭೆಯಲ್ಲಿ ಸಂದಿನ ಗುಮಾಸ್ತನಾಗಿದ್ದೆ. ಯಾರಾದರೂ ಮಾತು ಕೊಡುವಾಗ ಚೌಕಟ್ಟಿನ ಅಂಚಿಗೆ ಕೆನ್ನೆ ಒತ್ತಿ, ಬಟ್ಟೆಯ ಮಟ್ಟಕ್ಕೆ ಕಣ್ಣಿಟ್ಟು, ಪಾದದ ಕೆಳಗಿನ ಸಂದು ನೋಡುವುದು ನನ್ನ ಕೆಲಸ. ಸಂದಿನಲ್ಲಿ ಬೆಳಕು ಹಾಯ್ದರೆ ‘ಬೆಳಕು ಕಂಡಿತು’ ಎಂದು ಬರೆಯಬೇಕು, ಇಲ್ಲವಾದರೆ ‘ಕಾಣಲಿಲ್ಲ’. ನಮ್ಮ ಸ್ವಂತ ಸೋದರಮಾವ ಎರಡನೇ ಮದುವೆಗೆ ಒಪ್ಪಿಗೆ ಹೇಳಿದಾಗ ಅವನ ಎಡಗಾಲಿನ ಕಿರುಬೆರಳು ತಾಗಿದ್ದು ನೋಡಿ ‘ಕಾಣಲಿಲ್ಲ’ ಎಂದು ಬರೆದವನು ನಾನು. ಮದುವೆ ಮುರಿಯಿತು. ಅಂದಿನಿಂದ ಮಾವ ನನ್ನನ್ನು ಕುಬೇರ ಎನ್ನುವುದು ಬಿಟ್ಟು ಕಿರುಬೆರಳು ಎಂದೇ ಕರೆಯುತ್ತಾನೆ. ಊರಲ್ಲಿ ನನ್ನ ಬರಹಕ್ಕೆ ಬೆಲೆ ಇತ್ತು. ನನಗಂತೂ ಊಟಕ್ಕೆ ಕರೆ ಬರುತ್ತಿರಲಿಲ್ಲ.

ಕಾರ್ತಿಕ ಮುಗಿದರೆ ನಮ್ಮೂರಿಗೆ ಕೆಟ್ಟ ಚಳಿ. ಬೆಳಗ್ಗೆ ನೋಡಿದರೆ ಇಬ್ಬನಿ ಹರಳುಗಟ್ಟಿ ಉಪ್ಪು ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಜಿಗಿಮಣೆಯ ಬಟ್ಟೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ, ಸ್ಪ್ರಿಂಗಿಗೆ ತುಕ್ಕು ಹತ್ತುತ್ತದೆ. ಆದ್ದರಿಂದ ಕಾರ್ತಿಕದ ಅಮಾವಾಸ್ಯೆಯೊಳಗೆ ಎಲ್ಲರೂ ಮಣೆ ಬಿಚ್ಚಿ, ಬಟ್ಟೆಯನ್ನು ಬೇವಿನ ಸೊಪ್ಪಿನ ಜೊತೆ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಒಮ್ಮೆ ಬಿಚ್ಚಿದ ಮಣೆಯನ್ನು ಮತ್ತೆ ಕಟ್ಟಿದರೆ ಪುರಸಭೆಯವರು ಅಳೆದು ಮುದ್ರೆ ಹಾಕಬೇಕು. ಆ ಮುದ್ರೆ ಪೆಟ್ಟಿಗೆಯಿಂದ ಹೊರಗೆ ಬರುವುದು ಶಿವರಾತ್ರಿ ಕಳೆದ ಮೇಲೆ. ಹಾಗಾಗಿ ಚಳಿಗಾಲ ನಮಗೆ ಮಾತಿಲ್ಲದ ಕಾಲ. ಮದುವೆ ಇಲ್ಲ, ರಾಜಿ ಇಲ್ಲ, ಸಾಕ್ಷಿ ಇಲ್ಲ. ನಾನು ಕಚೇರಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ಮುಖಂಡರಿಗೆ ಮಾತ್ರ ಅದು ಸುಗ್ಗಿ. ಮೂರು ತಿಂಗಳು ಏನು ಬೇಕಾದರೂ ಆಶ್ವಾಸನೆ ಕೊಡಬಹುದು, ಹತ್ತಿ ಹೇಳಿ ಎಂದು ಯಾರೂ ಕೇಳುವಂತಿಲ್ಲ.

ಆ ವರ್ಷ ಕಾರ್ತಿಕದ ಕೊನೆಯ ವಾರ ಅಕ್ಕ ಎಂದಿನಂತೆ ಮುರಿಗೆಪ್ಪನವರ ಜಗಲಿಗೆ ಹೋದಳು. ಜೊತೆಗೆ ನಾನಿದ್ದೆ. ಶಿವರಾತ್ರಿ ಆದ ಮೇಲೆ ಮಂಡಳಿಯ ಚುನಾವಣೆ ಇದ್ದುದರಿಂದ ಜಗಲಿ ತುಂಬ ಜನ. ಮುರಿಗೆಪ್ಪನವರು ಕೈ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, “ನೋಡಮ್ಮ ನೀಲಾಂಬಿಕೆ, ಕಾಯಂ ಪಟ್ಟಿ ಮೇಲಕ್ಕೆ ಹೋಗೋದು ಮಾಘದ ಮೊದಲ ವಾರ. ಆ ಸೋಮವಾರ ನಾನೇ ನಿಮ್ಮನೆಗೆ ಬರ್ತೀನಿ. ನಿಮ್ಮ ಹಿತ್ತಲಲ್ಲಿ ಮಣೆ ನಿಂತಿದ್ರೆ, ಮಂಡಿ ಹೋದ್ರೂ ಹೋಗ್ಲಿ, ಹತ್ತಿ ಹೇಳ್ಬಿಡ್ತೀನಿ.”

ಜಗಲಿಯವರೆಲ್ಲ ನಕ್ಕರು. ಮಾಘದಲ್ಲಿ ಯಾರ ಮಣೆ ನಿಂತಿರುತ್ತದೆ? ಮುರಿಗೆಪ್ಪನವರೂ ನಕ್ಕರು. ನನ್ನ ಕಡೆ ತಿರುಗಿ, “ಸಂದು ನೋಡೋಕೆ ನಮ್ಮ ಕುಬೇರನೇ ಇರ್ಲಿ. ತಮ್ಮ ಅಂತ ತಕರಾರಿಲ್ಲ. ಇವ್ನು ಹೆತ್ತ ತಾಯಿಗೂ ‘ಕಾಣಲಿಲ್ಲ’ ಅಂತ್ಲೇ ಬರೆಯೋನು” ಎಂದರು.

ಅಕ್ಕ ನಗಲಿಲ್ಲ. ಮನೆಗೆ ಬಂದು, ಆಗಲೇ ಸ್ಪ್ಯಾನರು ತೆಗೆದಿಟ್ಟಿದ್ದ ಅಮ್ಮನ ಕೈಯಿಂದ ಅದನ್ನು ಕಿತ್ತುಕೊಂಡು, “ಈ ವರ್ಷ ಬಿಚ್ಚೋದಿಲ್ಲ” ಎಂದಳು.

“ಹಾಳಾಗುತ್ತೆ ಕಣೇ.”

“ಆಗೋಕೆ ಬಿಟ್ರೆ ತಾನೆ?”

ಅಲ್ಲಿಂದ ಶುರುವಾಯಿತು. ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಎಪ್ಪತ್ತೆರಡು ಸ್ಪ್ರಿಂಗುಗಳಿಗೂ ನಂಬರು ಬರೆದಳು. ದಿನ ಬಿಟ್ಟು ದಿನ ಒಂದೊಂದನ್ನೂ ಹಳೇ ಬನಿಯನ್ನಿನಿಂದ ಒರೆಸಿ ಹರಳೆಣ್ಣೆ ಸವರಬೇಕು. ಅವಳು ಒಂದರಿಂದ ಮೂವತ್ತಾರು, ನಾನು ಮೂವತ್ತೇಳರಿಂದ ಎಪ್ಪತ್ತೆರಡು. ಎಪ್ಪತ್ತೆರಡನೆಯದು ಮುಗಿಯುವ ಹೊತ್ತಿಗೆ ಒಂದನೆಯದರ ಮೇಲೆ ಮತ್ತೆ ಇಬ್ಬನಿ ಕೂತಿರುತ್ತಿತ್ತು. ನನ್ನ ಅಂಗಿ, ಚಾದರ, ಕಚೇರಿಯ ಪುಸ್ತಕ ಎಲ್ಲವೂ ಹರಳೆಣ್ಣೆ ವಾಸನೆ. ಪುರಸಭೆಯ ಜವಾನ, “ಏನ್ ಕುಬೇರಪ್ಪ, ಬಾಣಂತಿ ಥರ ನಾರ್ತಿದೀಯ” ಎಂದು ದಿನಾ ಕೇಳುತ್ತಿದ್ದ.

ಮುಚ್ಚಲು ದೊಡ್ಡ ಹೊದಿಕೆ ಬೇಕಿತ್ತು. ನೀರು ಇಳಿಯದ ಅಷ್ಟಗಲದ ವಸ್ತು ನಮ್ಮೂರಿನಲ್ಲಿ ಒಂದೇ, ಹುಟ್ಟುಹಬ್ಬದ ಫ್ಲೆಕ್ಸು. ಅದರಲ್ಲೂ ಮುರಿಗೆಪ್ಪನವರದ್ದೇ ಎಲ್ಲಕ್ಕಿಂತ ಅಗಲ. ಸರ್ಕಲ್ಲಿನಲ್ಲಿ ಹಬ್ಬ ಮುಗಿದು ಜೋತಾಡುತ್ತಿದ್ದುದನ್ನು ಕೇಳಿ ತಂದೆವು. ಮುಖ ಒಳಗಡೆ ಬರುವಂತೆ ಹಾಕಿದರೆ ಬಣ್ಣ ಬಟ್ಟೆಗೆ ಹತ್ತುತ್ತದೆಂದು ಅಕ್ಕ ಮುಖವನ್ನು ಆಕಾಶಕ್ಕೆ ಮಾಡಿ ಹಾಕಿದಳು. ಮೊದಲ ಬೆಳಗ್ಗೆ ನೋಡಿದರೆ ಇಬ್ಬನಿಯ ನೀರೆಲ್ಲ ನಡುವೆ ಇಳಿದು, ಮುರಿಗೆಪ್ಪನವರ ಬಾಯಲ್ಲಿ ಎರಡು ಕೊಡ ನೀರು ನಿಂತಿತ್ತು. ಆ ಭಾರಕ್ಕೆ ಬಟ್ಟೆ ಜೋತುಬಿದ್ದಿತ್ತು. ಅಕ್ಕ ಫ್ಲೆಕ್ಸಿನ ಕೆಳಗೆ, ಬಟ್ಟೆಯ ನಡುವಿನಲ್ಲಿ, ಬಿದಿರು ಬುಟ್ಟಿ ಬೋರಲು ಹಾಕಿದಳು. ಆ ಮೇಲೆ ಮೂಗು ಗುಡ್ಡದಂತೆ ಎದ್ದು ನಿಂತು ನೀರು ಎರಡೂ ಕೆನ್ನೆಯಿಂದ ಇಳಿಯತೊಡಗಿತು. ಇದ್ದಷ್ಟು ದಿನವೂ ಅಧ್ಯಕ್ಷರು ನಮ್ಮ ಹಿತ್ತಲಲ್ಲಿ ಬೆಳಬೆಳಗ್ಗೆ ಅಳುತ್ತಿದ್ದರು.

ತಪ್ಪುಗಳನ್ನೂ ಮಾಡಿದೆವು. ಮೊದಲ ಹದಿನೈದು ದಿನ ಫ್ಲೆಕ್ಸನ್ನು ಸುತ್ತಲೂ ಬಿಗಿಯಾಗಿ ಕಟ್ಟಿದ್ದೆವು. ತೆಗೆದು ನೋಡಿದರೆ ಒಳಗೆ ಬೆವರಿ ಬಟ್ಟೆಯ ಅಂಚಿಗೆ ಬಿಳೀ ಬೂಷ್ಟು. ಆ ದಿನ ಅಕ್ಕ ಊಟ ಬಿಟ್ಟಳು. ನಿಂಬೆರಸ ಹಚ್ಚಿ, ಒರೆಸಿ, ಒಣಗಿಸಿ, ಅಂಚಿನಡಿ ನಾಲ್ಕು ಕಡೆ ಇಟ್ಟಿಗೆ ಚೂರಿಟ್ಟು ಗಾಳಿಯಾಡಲು ದಾರಿ ಮಾಡಿದಳು. ಬಾದಾಮಿ ಮರದ ಎಲೆ ಬಿದ್ದು ಕೊಳೆತರೆ ಬಟ್ಟೆಗೆ ಕಲೆ ಹಿಡಿಯುತ್ತದೆ. ಕಡ್ಡಿ ಪೊರಕೆಯಲ್ಲಿ ಗುಡಿಸಿದರೆ ಗೀರು ಬೀಳುತ್ತದೆ. ಅದಕ್ಕೇ ಹುಲ್ಲಿನ ಪೊರಕೆ, ಅದೂ ಅವಳೇ ಗುಡಿಸಬೇಕು. ಮೂಡಣ ಗಾಳಿ ಚೌಕಟ್ಟನ್ನೇ ಎತ್ತಿ ಪಕ್ಕದ ಹಿತ್ತಲಿಗೆ ಹಾಕಬಹುದೆಂದು ಆರು ಕಾಲಿಗೂ ಮರಳಿನ ಚೀಲ ಕಟ್ಟಿದೆವು. ಪುಷ್ಯದಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಬಿತ್ತು. ಅಕ್ಕ ಮನೆಯ ಹಾಸಿಗೆಗಳನ್ನೆಲ್ಲ ಎಳೆದು ತಂದು ಮಣೆಯ ಮೇಲೆ ಹರವಿದಳು. “ನಾವು ಯಾವುದ್ರ ಮೇಲೆ ಮಲಗೋದೇ?” ಎಂದಳು ಅಮ್ಮ. “ಒಂದು ವಾರ ಚಾಪೆ ಮೇಲೆ ಮಲಗಿದ್ರೆ ಸಾಯಲ್ಲ” ಎಂದಳು ಅಕ್ಕ. ಅಮ್ಮನಿಗೆ ಸೊಂಟ ಹಿಡಿಯಿತು.

ಮೂರು ದಿನಕ್ಕೊಮ್ಮೆ, ಬಿಸಿಲು ಬರುವ ಮುಂಚೆ, ಮಣೆಯ ಕೆಳಗೆ ಕೆಂಡದ ಬಾಣಲೆ ಇಟ್ಟು ಬಟ್ಟೆ ಮೆದುವಾಗುವವರೆಗೆ ಕಾಯಿಸಬೇಕಿತ್ತು. ಬಾಣಲೆ ಹತ್ತಿರವಾದರೆ ಬಟ್ಟೆ ಸುಡುತ್ತದೆ, ದೂರವಾದರೆ ಶಾಖ ತಾಗುವುದಿಲ್ಲ. ಅಕ್ಕ ಶಾಲೆಯ ಥರ್ಮಾಮೀಟರು ತಂದು ಬಟ್ಟೆಯ ಮೇಲಿಟ್ಟು ಜ್ವರ ನೋಡಿದಂತೆ ನೋಡುತ್ತಿದ್ದಳು. ಒಂಬತ್ತನೇ ತರಗತಿಗೆ ಆ ಚಳಿಗಾಲ ಉಷ್ಣದ ಪಾಠ ಆಗಲೇ ಇಲ್ಲ. ಥರ್ಮಾಮೀಟರು ನಮ್ಮ ಮನೆಯಲ್ಲಿತ್ತು.

ಊರಲ್ಲಿ ನಿಂತಿದ್ದ ಒಂದೇ ಒಂದು ಮಣೆ ಅದು. ಸುದ್ದಿ ಹಬ್ಬಿದ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಒಂದೇ ಒಂದು ಜಿಗಿತ ಟೀಚರ್, ಒಂದೇ ವಾಕ್ಯ. ಅಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. ಪಕ್ಕದ ಮನೆಯ ಹೊನ್ನಜ್ಜಿಗೂ ಅದನ್ನೇ ಕೊಟ್ಟಳು.

ಹೊನ್ನಜ್ಜಿ ಪ್ರಾಯದಲ್ಲಿ ಪಂಚಮಿಯ ದಿನ ಜೋಕಾಲಿ ಆಡುತ್ತಿದ್ದಾಗ ಅವಳ ಅಕ್ಕ ಜೋರಾಗಿ ತೂಗಿ, ಹೊನ್ನಜ್ಜಿ ಕೈತಪ್ಪಿ ಹಾರಿಹೋಗಿದ್ದಳು. ಬೀಳುತ್ತಾ ಬೀಳುತ್ತಾ, “ಇನ್ನು ನಿನ್ನ ಹೊಸಿಲು ತುಳಿಯಲ್ಲ ಕಣೇ” ಎಂದು ಕಿರುಚಿದ್ದಳು. ಆ ಕಾಲದ ಸಂದಿನ ಗುಮಾಸ್ತ ಅಲ್ಲೇ ಕೂತು ತಂಬಿಟ್ಟು ತಿನ್ನುತ್ತಿದ್ದ. ಬರೆದುಕೊಂಡ. ನಲವತ್ತು ವರ್ಷ ಇಬ್ಬರೂ ಎರಡು ಬೀದಿಯಾಚೆ ಈಚೆ ಇದ್ದು, ನೀನೇ ಮೊದಲು ಬಾ ಎಂದು ಹಟ ಹಿಡಿದಿದ್ದರು. ಪುಷ್ಯದಲ್ಲಿ ಆ ಅಕ್ಕ ಹಾಸಿಗೆ ಹಿಡಿದಳೆಂದು ಗೊತ್ತಾಯಿತು. ಹೊನ್ನಜ್ಜಿಯ ಮಣೆ ಅಟ್ಟದಲ್ಲಿತ್ತು.

“ನೀಲವ್ವಾ, ನಾನೆಷ್ಟು ಭಾರ ಇದೀನಿ ಹೇಳು. ಒಂದು ಬೆಕ್ಕು ಹಾರ್ದಂಗೆ ಹಾರ್ತೀನಿ. ತುಳೀತೀನಿ ಅಂತ ಒಂದ್ಮಾತು ಹೇಳಿ ಇಳೀತೀನಿ.”

“ಬಟ್ಟೆ ಗಡುಸಾಗಿದೆ ಅಜ್ಜಿ. ಈಗ ಜಿಗಿದ್ರೆ ಬಿರುಕು ಬಿಡುತ್ತೆ. ಮಾಘದ ಸೋಮವಾರ ಆಗ್ಲಿ, ಅವತ್ತು ಮಧ್ಯಾಹ್ನವೇ ಹತ್ತಿ.”

“ಅವ್ಳು ಸೋಮವಾರದ ತನ್ಕ ಇರ್ತಾಳಾ?”

ಅಕ್ಕ ಹದಿನಾರನೇ ಸ್ಪ್ರಿಂಗು ಒರೆಸಿದಳು. ಹೊನ್ನಜ್ಜಿಯ ಅಕ್ಕ ಸೋಮವಾರಕ್ಕೆ ಇನ್ನೂ ಹನ್ನೊಂದು ದಿನವಿರುವಾಗ ತೀರಿಕೊಂಡಳು. ಹೊನ್ನಜ್ಜಿ ಹೊಸಿಲಿನಾಚೆ ಬೀದಿಯಲ್ಲಿ ಕೂತು ಹೆಣ ಹೊರಬರುವವರೆಗೆ ಕಾದಳಂತೆ. ಅಕ್ಕ ಅವತ್ತು ಮಣೆಯ ಹತ್ತಿರ ಬಹಳ ಹೊತ್ತು ಕೂತಿದ್ದಳು. ಬೇಜಾರಾಗಿರಬೇಕು ಎಂದುಕೊಂಡು ಹೋದರೆ, ಬಟ್ಟೆಯ ಹೊಲಿಗೆಯನ್ನು ಇಲಿ ಕಡಿದಿದೆಯೇ ಎಂದು ನೋಡುತ್ತಿದ್ದಳು.

ಮಾಘದ ಸೋಮವಾರ ಬಂತು. ಅಕ್ಕ ಐದು ಗಂಟೆಗೇ ಕೆಂಡ ಇಟ್ಟು, ಒಂಬತ್ತಕ್ಕೆ ಫ್ಲೆಕ್ಸು ತೆಗೆದಳು. ಮಣೆ ಅಂಗಡಿಯಿಂದ ಈಗ ತಾನೆ ಇಳಿಸಿದಂತಿತ್ತು. ಬೆರಳಿಂದ ತಟ್ಟಿದರೆ ಡೋಲಿನಂತೆ ಸದ್ದು. ಬೀದಿಯವರೆಲ್ಲ ಹಿತ್ತಲಲ್ಲಿ ನೆರೆದಿದ್ದರು. ಮುರಿಗೆಪ್ಪನವರು ಬಂದರು. ಮಣೆ ನೋಡಿ ಅವರ ಮುಖ ಒಂದು ಗಳಿಗೆ ಇಳಿಯಿತು. ಆ ಮೇಲೆ ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಇಬ್ಬರ ಹೆಗಲು ಹಿಡಿದು ಹತ್ತಿದರು. ನಾನು ಕೆನ್ನೆ ಒತ್ತಿ ಮಲಗಿದೆ.

ಅಷ್ಟು ಹತ್ತಿರದಿಂದ ನೋಡಿದವನಿಗೇ ಗೊತ್ತು ಅದೆಂಥ ವಿದ್ಯೆ ಎಂದು. ಮುರಿಗೆಪ್ಪನವರ ತಲೆ ಮೇಲೆದ್ದಿತು, ಭುಜ ಎದ್ದಿತು, ಪಂಚೆ ಹಾರಿತು, ಜನ ಹೋ ಎಂದರು. ಪಾದ ಮಾತ್ರ ಏಳಲಿಲ್ಲ. ಬಟ್ಟೆ ಅವರ ಪಾದದ ಜೊತೆಗೇ ಏರಿ, ಪಾದದ ಜೊತೆಗೇ ಇಳಿಯಿತು. ಗೋಡೆಗೆ ಹಲ್ಲಿ ಅಂಟಿದ ಹಾಗೆ ಅಂಟಿಕೊಂಡಿತ್ತು. “ನೀಲಾಂಬಿಕೆಯನ್ನು ಕಾಯಂ ಮಾಡಿದ್ದೇನೆ” ಎಂದು ವಾಕ್ಯ ಪೂರ್ತಿ, ಸ್ಪಷ್ಟವಾಗಿ ಹೇಳಿದರು. ಸಂದಿನಲ್ಲಿ ಒಂದು ಕೂದಲಿನಷ್ಟೂ ಬೆಳಕಿರಲಿಲ್ಲ.

ಅವರು ಇಳಿದು ಚಪ್ಪಲಿ ಮೆಟ್ಟುತ್ತಾ ಆಗಲೇ ದುಃಖದ ದನಿ ಸಿದ್ಧಮಾಡಿಕೊಂಡಿದ್ದರು. “ನೋಡಮ್ಮ, ನನ್ನ ಕೈಲಾದ ಪ್ರಯತ್ನ ನಾನು...”

“ಬೆಳಕು ಕಂಡಿತು” ಎಂದು ನಾನು ಓದಿದೆ.

ಯಾಕೆ ಹಾಗೆ ಬರೆದೆ ಎಂದು ಆಮೇಲೆ ವಿಚಾರಣೆಯಲ್ಲಿ ಕೇಳಿದರು. ಎರಡು ತಿಂಗಳು ಎಣ್ಣೆ ಒರೆಸಿದ್ದೆ, ಅದಕ್ಕೇ ಎಂದೆ. ಬೇರೆ ಕಾರಣ ಇರಲಿಲ್ಲ.

“ಕಂಡಿತಾ?” ಮುರಿಗೆಪ್ಪನವರು ಬಾಯಿ ಬಿಟ್ಟು ನಿಂತರು.

“ಎರಡು ಬೆರಳು ಅಗಲ ಇತ್ತು ಅಧ್ಯಕ್ಷರೇ.”

“ಸರಿಯಾಗಿ ನೋಡಿದ್ಯೇನಪ್ಪ? ನನ್ನ ಮಂಡಿ ಅಷ್ಟೊಂದು...”

ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಜಿಗಿಯಲೇ ಇಲ್ಲ ಎಂದು ನಲವತ್ತು ಜನರೆದುರು, ಚುನಾವಣೆ ಇಟ್ಟುಕೊಂಡು, ಯಾವ ಗಂಡಸು ಹೇಳಿಯಾನು? ಅವರು ಕೈ ಮುಗಿದು ನಕ್ಕು ಹೊರಟರು. ಮರುದಿನ ಹೆಡ್‌ಮಾಸ್ತರರು ಅಕ್ಕನ ಹೆಸರನ್ನು ಇಂಕಿನಲ್ಲಿ ಬರೆದರು. ತೆಳ್ಳಗಿದ್ದ ಹಾಳೆಯಲ್ಲಿ ಇಂಕು ಹಿಂದಿನ ಪುಟಕ್ಕೂ ಇಳಿಯಿತಂತೆ.

ಆದರೆ ಆ ಕಾಯಂ ಹುದ್ದೆಯನ್ನು ಮುರಿಗೆಪ್ಪನವರು ತಮ್ಮ ಬೀಗರ ಮಗಳಿಗೆ ಇಟ್ಟಿದ್ದರು. ಐದನೇ ದಿನ ಅವರದೇ ತಕರಾರು ಅರ್ಜಿ ಬಂತು. ನಮ್ಮ ಕಾನೂನಿನಲ್ಲಿ ತಕರಾರು ಹೇಳುವವರು ಎಂಟು ದಿನದೊಳಗೆ, ಅದೇ ಮಣೆಯ ಮೇಲೆ, ಬೇರೆ ಗುಮಾಸ್ತನ ಎದುರು ಜಿಗಿದು ತಿರುಗಾಮುರುಗಾ ವಾಕ್ಯ ಹೇಳಬೇಕು. ಮೂರು ಅವಕಾಶ. ಮೂರೂ ತಪ್ಪಿದರೆ ಮೊದಲ ಮಾತೇ ಶಾಶ್ವತ. ಏಳನೇ ದಿನ, ಸೋಮವಾರವೇ, ಎಂದು ಗೊತ್ತುಮಾಡಿದರು.

ಭಾನುವಾರ ಸಂಜೆ ನಾನು ಅಕ್ಕನಿಗೆ ಹೇಳಿದೆ, “ಹತ್ತು ಸ್ಪ್ರಿಂಗು ಸಡಿಲ ಮಾಡ್ಬಿಡು. ಇಲ್ಲ, ನಾಳೆ ಕೆಂಡ ಇಡ್ಬೇಡ. ಹಪ್ಪಳ ಆಗಿರ್ಲಿ. ಆ ಮನುಷ್ಯ ಹೆಂಗೆ ಹಾರ್ತಾನೆ ನೋಡೋಣ.”

ಅಕ್ಕ ಸ್ಪ್ಯಾನರು ಹಿಡಿದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ವಾಪಸು ಬಂದಳು.

“ಮಾಡಿದ್ಯಾ?”

“ನಲವತ್ನಾಲ್ಕನೇದು ನೀನು ಸರಿಯಾಗಿ ಒರೆಸಿಲ್ಲ. ಒರೆಸಿ ಬಂದೆ.”

“ಅಕ್ಕಾ!”

“ಹಾಳು ಮಾಡೋಕೆ ಕೈ ಬರಲ್ಲ ಕಣೋ ಕುಬೇರ. ಏನ್ಮಾಡ್ಲಿ?”

ಬೆಳಗ್ಗೆ ಎದ್ದು ನೋಡಿದರೆ ಕೆಂಡ ಇಟ್ಟಿದ್ದಳು.

ಈ ಸಲ ಹಿತ್ತಲು ಸಾಲದೆ ಜನ ಕಾಂಪೌಂಡಿನ ಮೇಲೂ ಕೂತಿದ್ದರು. ಸಂದು ನೋಡಲು ಮೇಲಿನ ವಾರ್ಡಿನಿಂದ ಶೇಷಗಿರಿರಾಯರು ಬಂದಿದ್ದರು. ನಿವೃತ್ತಿಗೆ ನಾಲ್ಕು ತಿಂಗಳಿದ್ದ, ಕುತ್ತಿಗೆ ಒಂದೇ ಕಡೆಗೆ ವಾಲಿದ್ದ ಹಿರಿಯ ಗುಮಾಸ್ತರು. ಅವರು ಕನ್ನಡಕ ತೆಗೆದು ಮಲಗಿದರು. ಮುರಿಗೆಪ್ಪನವರು ಹತ್ತಿದರು. ತಲೆ ಎದ್ದಿತು, ಪಂಚೆ ಹಾರಿತು. “ನೀಲಾಂಬಿಕೆಯನ್ನು ಕಾಯಂ ಮಾಡಿಲ್ಲ.”

“ಬೆಳಕಿಲ್ಲ” ಎಂದರು ರಾಯರು.

ಎರಡನೇ ಸಲ. ಮುರಿಗೆಪ್ಪನವರು ಹಲ್ಲು ಕಚ್ಚಿದರು, ಕೈ ಬೀಸಿದರು, ಬೆವರಿದರು. ಪಾದ ಅಂಟಿದ್ದು ಅಂಟಿದ ಹಾಗೇ. ಒಂದು ಆಯುಷ್ಯದ ಅಭ್ಯಾಸ ಒಂದು ಬೆಳಗ್ಗೆ ಬಿಡುತ್ತದೆಯೇ? “ಬೆಳಕಿಲ್ಲ.”

“ಎಮ್ಮೆ ಕೆಸರಲ್ಲಿ ನಿಂತಂಗೆ ನಿಂತವ್ನೆ” ಎಂದಳು ಹೊನ್ನಜ್ಜಿ. ಕಾಂಪೌಂಡಿನ ಮೇಲಿದ್ದವರು ಉರುಳಿ ಬೀಳುವಂತೆ ನಕ್ಕರು. ನಾನು ಅಕ್ಕನ ಮುಖ ನೋಡಿದೆ. ಇನ್ನು ಒಂದೇ ಒಂದು. ಅದೂ ಹೋದರೆ ಅವಳ ಹೆಸರು ಅರವತ್ತು ವರ್ಷದವರೆಗೆ ಇಂಕಿನಲ್ಲಿ. ಅವಳು ಮಣೆಯ ಕಡೆಗೇ ನೋಡುತ್ತಿದ್ದಳು, ಹುಬ್ಬು ಗಂಟಾಗಿತ್ತು.

“ಕಾಲೇ ಬರ್ತಿಲ್ಲ ರಾಯರೇ” ಮುರಿಗೆಪ್ಪನವರ ದನಿ ನಿಜಕ್ಕೂ ಅಳುವಂತಿತ್ತು. “ಎತ್ತು ಅಂದ್ರೆ ಎತ್ತಲ್ಲ ಅಂತವೆ.”

“ಮಂಡಿ ಬಗ್ಗಿಸಿ ಸರ್” ಎಂದಳು ಅಕ್ಕ.

ಕಾಂಪೌಂಡಿನ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿದರು.

“ಹಾಗಲ್ಲ, ಸೊಂಟ ಬಗ್ಗಿಸಬೇಡಿ, ಮಂಡಿ. ಹಿಮ್ಮಡಿ ಮೊದಲು ಎತ್ತಿ. ಬೆರಳ ತುದಿಯಿಂದ ಬಟ್ಟೆ ಒದೀಬೇಕು.”

“ಸುಮ್ನಿರೇ ಅಕ್ಕಾ!” ನಾನು ಅವಳ ಕೈ ಹಿಡಿದೆಳೆದೆ.

“ತಪ್ಪು ಮಾಡ್ತಿದಾರೆ ಕಣೋ. ನೋಡ್ಕೊಂಡು ಹೆಂಗಿರ್ಲಿ?” ಅವಳು ಕೈ ಬಿಡಿಸಿಕೊಂಡಳು. “ಕೈ ಹಿಂದಕ್ಕೆ ಸರ್. ಉಸಿರು ತಗೊಳ್ಳಿ. ಮೊದಲು ಎರಡು ಸಲ ಸುಮ್ನೆ ತೂಗಿ, ಬಟ್ಟೆ ನಿಮ್ಮನ್ನ ಎತ್ತೋವರೆಗೆ ಕಾಯಿರಿ. ಮೂರನೇದಕ್ಕೆ ಬಿಟ್ಬಿಡಿ. ಒಂದು... ಎರಡು...”

ಮುರಿಗೆಪ್ಪನವರು ಎಂಟನೇ ತರಗತಿಯ ಹುಡುಗನಂತೆ ಕೈ ಹಿಂದಕ್ಕೆ ಕಟ್ಟಿ, ಮಂಡಿ ಬಗ್ಗಿಸಿ ಕಾದರು. ಅಕ್ಕ ಸೀಟಿ ಊದಿದಳು.

ಎರಡು ತಿಂಗಳು ಎಣ್ಣೆ ಕುಡಿದ ಎಪ್ಪತ್ತೆರಡು ಸ್ಪ್ರಿಂಗುಗಳೂ ಒಟ್ಟಿಗೆ ಕೆಲಸ ಮಾಡಿದವು. ಅಧ್ಯಕ್ಷರು ನಮ್ಮ ಸ್ನಾನದಮನೆಯ ಸೂರಿನ ಮಟ್ಟಕ್ಕೆ ಹೋದರು. ಅಲ್ಲಿ, ಬಾದಾಮಿ ಮರದ ಬೋಳು ಕೊಂಬೆಯ ಪಕ್ಕದಲ್ಲಿ, ನಿಧಾನವಾಗಿ, ಬೇಕಾದಷ್ಟು ಸಮಯ ತೆಗೆದುಕೊಂಡು ಹೇಳಿದರು, “ನೀಲಾಂಬಿಕೆಯನ್ನು ಕಾಯಂ ಮಾಡಿಲ್ಲ.”

“ಬೆಳಕು ಕಂಡಿತು” ಎಂದರು ರಾಯರು. “ಬೇಕಾದಷ್ಟು.”

ಮುಗಿಯಿತೆಂದುಕೊಂಡೆವು. ಮುಗಿದಿರಲಿಲ್ಲ. ಕೆಳಗೆ ಬಂದ ಮುರಿಗೆಪ್ಪನವರ ಮುಖದಲ್ಲಿ ನಾನು ಎಂದೂ ಕಾಣದ ಒಂದು ಸಂತೋಷವಿತ್ತು. ಬಟ್ಟೆ ಅವರನ್ನು ಮತ್ತೆ ಎತ್ತಿತು. “ಕೋಟೆ ಬೀದಿಗೆ ನಲ್ಲಿ ಹಾಕಿಸೋದಿಲ್ಲ!” ಎಂದು ಕೂಗಿದರು. ರಾಯರು ಅಭ್ಯಾಸಬಲದಿಂದ “ಬೆಳಕು ಕಂಡಿತು” ಎಂದು ಬರೆದರು. “ಆಸ್ಪತ್ರೆಗೆ ಡಾಕ್ಟರನ್ನ ತರೋದಿಲ್ಲ!” ಬೆಳಕು ಕಂಡಿತು. “ವಿಧವೆಯರಿಗೆ ಹೊಲಿಗೆ ಮಿಷನ್ ಕೊಡಿಸೋದಿಲ್ಲ!” ಬೆಳಕು ಕಂಡಿತು. ನೆಲದ ಮೇಲೆ ನಿಂತು ಕೊಟ್ಟ ಆಶ್ವಾಸನೆಗಳನ್ನೆಲ್ಲ ಒಂದೊಂದಾಗಿ ಹಾರಿ ಹಾರಿ ಹಿಂತೆಗೆದುಕೊಂಡರು. ಮೂವತ್ತು ವರ್ಷ ಹೊತ್ತಿದ್ದ ಭಾರ ಇಳಿಯುತ್ತಿದ್ದಂತೆ ಪ್ರತಿ ಸಲವೂ ಇನ್ನಷ್ಟು ಮೇಲೆ ಹೋಗುತ್ತಿದ್ದರು.

ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಅವು ಮೊದಲೇ ಮಾತಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ನಲ್ಲಿ ಬರಬಹುದು ಎಂದು ಕೋಟೆ ಬೀದಿಯವರು ತೊಟ್ಟಿ ಕಟ್ಟಿ ಕಾದಿದ್ದರು. ನೆಲದ ಮೇಲಿನ ‘ಹೌದು’ ಏನೂ ಅಲ್ಲದಿದ್ದರೂ ಕಾಯಲು ಸಾಕಾಗುತ್ತದೆ. ಗಾಳಿಯಲ್ಲಿ ಹೇಳಿದ ‘ಇಲ್ಲ’ ಇಲ್ಲವೇ. “ಇಳ್ಸ್ರೋ ಅವ್ರನ್ನ! ನಮ್ಮ ಸೇತುವೆ ಇನ್ನೂ ಹೇಳಿಲ್ಲ, ಅಷ್ಟ್ರೊಳಗೆ ಇಳ್ಸ್ರೋ!” ಎಂದು ಹೊಳೆಯಾಚೆಯವನೊಬ್ಬ ಕೂಗಿದ. ಮಣೆಯ ಮೇಲಿರುವವರನ್ನು ಮುಟ್ಟುವಂತಿಲ್ಲ, ಅದು ಕಾನೂನು. ಮುಂದಿನ ಜಿಗಿತಕ್ಕೆ ಸೇತುವೆಯೂ ಹೋಯಿತು.

ಅಕ್ಕ ಮಾತ್ರ ಅವರ ಕಾಲನ್ನೇ ನೋಡುತ್ತಿದ್ದಳು. “ಈಗ ಸರಿಯಾಗಿ ಬರ್ತಿದೆ” ಎಂದಳು ಮೆಲ್ಲಗೆ.

ಹದಿನೆಂಟನೆಯ ಜಿಗಿತದ ವಾಕ್ಯ “ನಾನು ಈ ಊರಿಗೆ” ಎಂಬಲ್ಲಿಗೆ ನಿಂತಿತು. ಬೂಷ್ಟು ಹಿಡಿದಿದ್ದ ಅಂಚಿನಿಂದ ಬಟ್ಟೆ ಚರ್ರೆಂದು ಸೀಳಿತು. ಅಧ್ಯಕ್ಷರು ಮಣೆಯೊಳಗಿಂದ ತೂರಿ, ಆರಿದ ಕೆಂಡದ ಬೂದಿಯ ಮೇಲೆ ಕೂತರು. ಇನ್ನೂ ನಗುತ್ತಿದ್ದರು. ಈಗ ಅವರ ಮಂಡಿ ನಿಜವಾಗಿಯೂ ನೋಯುತ್ತದೆ, ಮತ್ತೆ ಜಿಗಿದು ಯಾವುದನ್ನೂ ಹಿಂತೆಗೆದುಕೊಳ್ಳುವಂತಿಲ್ಲ. ಶಿವರಾತ್ರಿ ಕಳೆದು ಚುನಾವಣೆಯಲ್ಲಿ ಅವರೇ ಗೆದ್ದರು. ಮಾತು ಕೊಟ್ಟು ತಪ್ಪಿಸಿಕೊಳ್ಳದ ಮನುಷ್ಯ, ಏನಿದ್ದರೂ ಮುಖಕ್ಕೇ ಹೇಳುತ್ತಾರೆ ಎಂದು ಜನ ವೋಟು ಹಾಕಿದರಂತೆ. ಸುಳ್ಳು ಬೆಳಕು ಬರೆದನೆಂದು ಪುರಸಭೆಯವರು ನನ್ನನ್ನು ತೆಗೆದರು, ಅಕ್ಕನ ಇಂಕನ್ನು ಉಜ್ಜಲು ಹೋಗಿ ಹೆಡ್‌ಮಾಸ್ತರರು ಹಾಳೆಯನ್ನೇ ತೂತು ಮಾಡಿದರು, ಪೆನ್ಸಿಲ್ಲಿನಲ್ಲೂ ಮತ್ತೆ ಬರೆಯಲು ಜಾಗ ಉಳಿಯಲಿಲ್ಲ.

ಆ ಸೋಮವಾರ ಬೆಳಕು ಕಂಡ ಜಿಗಿತ ಹದಿನೇಳು. ಊರಿಗೆ ಹೋದದ್ದು ಆರು ನಲ್ಲಿ, ಒಬ್ಬ ಡಾಕ್ಟರು, ಇಪ್ಪತ್ತು ಹೊಲಿಗೆ ಮಿಷನ್ನು, ಎರಡು ರಸ್ತೆ, ಒಂದು ಸೇತುವೆ, ಒಂದು ಸ್ಮಶಾನದ ಗೋಡೆ, ಐದು ಬೀದಿದೀಪ ಮತ್ತು ರಾಯರ ಕೈಬರಹದಲ್ಲಿ ಓದಲಾಗದ ನಾಲ್ಕು ಸಂಗತಿ. ನಮ್ಮ ಮನೆಯಲ್ಲಿ ಹೋದದ್ದು ಬಟ್ಟೆ ಒಂದು, ಸ್ಪ್ರಿಂಗು ಹತ್ತೊಂಬತ್ತು, ನೌಕರಿ ಎರಡು.